ಬುಧವಾರದ ಆ ಧ್ವನಿ
(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಸಭೆಯಲ್ಲಿ ಶರಣರನ್ನೂ ಕವಿಗಳನ್ನೂ ಸ್ಮರಿಸುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಇಂದು ನಾವು ಕನ್ನಡಿಗರಲ್ಲದ ಒಬ್ಬರನ್ನು ಸ್ಮರಿಸಲು ನಿಂತಿದ್ದೇವೆ. ಅವರು ಬಾನುಲಿಯ ಅಮೀನ್ ಸಯಾನಿ. ಕನ್ನಡದ ಸಭೆಯಲ್ಲಿ ಅವರ ಮಾತೇಕೆ ಎಂದು ಯಾರಾದರೂ ಕೇಳಿದರೆ, ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ನಮ್ಮ ಬಿನ್ನಹ.

ಅಮೀನ್ ಸಯಾನಿಯವರು 1932ರ ಡಿಸೆಂಬರ್ 21ರಂದು ಮುಂಬಯಿಯಲ್ಲಿ ಜನಿಸಿ, 2024ರ ಫೆಬ್ರವರಿ 20ರಂದು ಅಲ್ಲಿಯೇ ತೀರಿಕೊಂಡರು. ಕೇಂದ್ರ ಸಚಿವ ಬಿ. ವಿ. ಕೇಸಕರರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಬಹುಮಟ್ಟಿಗೆ ಮರೆಯಾದವು. ಕೇಳುವವರ ಕಿವಿ ಸಿಂಹಳದತ್ತ ತಿರುಗಿತು. 1952ರ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ ‘ಬಿನಾಕಾ ಗೀತಮಾಲಾ’ ಮೊದಲಾಯಿತು. ಮುಂಬಯಿಯಲ್ಲಿ ಮುದ್ರಿಸಿದ ಕಾರ್ಯಕ್ರಮ ವಿಮಾನದಲ್ಲಿ ಕೊಲಂಬೊ ಸೇರಿ, ಬುಧವಾರ ಸಂಜೆ ಎಂಟಕ್ಕೆ ಅಲ್ಲಿಂದ ಅಲೆಯಲೆಯಾಗಿ ನಮ್ಮ ನಾಡಿಗೆ ಮರಳುತ್ತಿತ್ತು. ಮೊದಲ ಪ್ರಸಾರಕ್ಕೇ ಒಂಬತ್ತು ಸಾವಿರದಷ್ಟು ಪತ್ರಗಳು ಬಂದವೆಂದ ಮೇಲೆ ಜನರ ಹಂಬಲ ಎಷ್ಟಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮುಂದೆ 1989ರಲ್ಲಿ ವಿವಿಧ ಭಾರತಿಗೆ ಬಂದ ಆ ಕಾರ್ಯಕ್ರಮ 1994ರವರೆಗೆ ನಡೆಯಿತು.

ಅವರ ಧ್ವನಿಯಲ್ಲಿ ಏನಿತ್ತು? ಮೊದಲು ಅಕ್ಕತಂಗಿಯರನ್ನು, ಆಮೇಲೆ ಅಣ್ಣತಮ್ಮಂದಿರನ್ನು ಕರೆದು ಅವರು ಮಾತು ತೊಡಗುತ್ತಿದ್ದರು. ಒಲೆಯ ಮುಂದಿದ್ದ ತಾಯಿಗೆ ತನ್ನನ್ನೇ ಕರೆದಂತೆ ಅನ್ನಿಸುತ್ತಿತ್ತು. ಹಾಡುಗಳ ಕ್ರಮಾಂಕಕ್ಕೆ ಅವರು ‘ಪಾಯದಾನ’ ಎಂದರು; ಮೆಟ್ಟಿಲು ಎಂದು ಅದರ ಅರ್ಥ. ಪಂಡಿತರ ಮಾತನ್ನು ಹುಡುಕದೆ ಮನೆಯ ಮಾತನ್ನೇ ಆರಿಸಿಕೊಂಡದ್ದು ಅವರ ದೊಡ್ಡತನ.

ಆದರೆ ಗಡಿನಾಡಿನವರಾದ ನಾವು ಮುಖ್ಯವಾಗಿ ನೆನೆಯಬೇಕಾದ ಸಂಗತಿ ಬೇರೊಂದಿದೆ. ತರುಣ ಸಯಾನಿಯವರು ಹಿಂದಿ ನಿರೂಪಕರಾಗಲು ಆಕಾಶವಾಣಿಯಲ್ಲಿ ಧ್ವನಿಪರೀಕ್ಷೆಗೆ ನಿಂತಾಗ ಅವರನ್ನು ಆರಿಸಲಿಲ್ಲ. ಅವರ ಉಚ್ಚಾರದಲ್ಲಿ ಗುಜರಾತಿಯ ಮತ್ತು ಇಂಗ್ಲಿಷಿನ ಸೋಂಕು ಹೆಚ್ಚೆಂಬುದೇ ಕಾರಣ. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಅವರು ಮುನಿಸಿಕೊಂಡು ಕೂಡಲಿಲ್ಲ, ನಾಲಗೆಯನ್ನು ತಿದ್ದಿಕೊಂಡರು. ಅವರ ಮನೆಯ ಸಂಸ್ಕಾರವೂ ಇದಕ್ಕೆ ನೆರವಾಯಿತು. ತಾಯಿ ಕುಲಸುಮ್ ಸಯಾನಿಯವರು ಹೊಸದಾಗಿ ಅಕ್ಷರ ಕಲಿತವರಿಗಾಗಿ ‘ರಹಬರ್’ ಎಂಬ ಪತ್ರಿಕೆಯನ್ನು ನಾಗರಿ, ಉರ್ದು, ಗುಜರಾತಿ ಎಂಬ ಮೂರು ಲಿಪಿಗಳಲ್ಲಿ ನಡೆಸುತ್ತಿದ್ದರು. ಎಲ್ಲರಿಗೂ ತಿಳಿಯುವ ಸರಳ ನುಡಿಯನ್ನು ಮಗ ಕಲಿತದ್ದು ಆ ಕೆಲಸದಲ್ಲಿ ತಾಯಿಗೆ ನೆರವಾಗುತ್ತ.

ಬಂಧುಗಳೇ, ಇದು ನಮ್ಮ ಮನೆಯ ಕಥೆಯೇ ಅಲ್ಲವೇ? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಮಗ್ಗದ ಬಳಿ ತೆಲುಗು ಮತ್ತು ಉರ್ದು: ಸೊಲ್ಲಾಪುರದ ಮಗು ಇವೆಲ್ಲದರ ನಡುವೆ ಬೆಳೆಯುತ್ತದೆ. ಅದು ದಕ್ಷಿಣದ ಊರುಗಳಿಗೆ ಹೋಗಿ ಬಾಯಿ ತೆರೆದರೆ, ‘ಇದೆಂಥ ಕನ್ನಡ?’ ಎಂದು ನಗುವವರುಂಟು. ಹಾಗೆ ನಗೆಗೀಡಾದ ಮಗು ಮರುದಿನದಿಂದ ಕನ್ನಡವನ್ನೇ ಬಿಟ್ಟುಬಿಡುತ್ತದೆ. ಶಾಲೆಯೊಂದು ಮುಚ್ಚಿದರೆ ನಾವು ಮನವಿ ಬರೆಯುತ್ತೇವೆ. ಒಂದು ಮಗುವಿನ ಬಾಯಿ ಮುಚ್ಚಿದರೆ ನಮಗೆ ತಿಳಿಯುವುದೂ ಇಲ್ಲ. ಈ ನಷ್ಟವೇ ಹೆಚ್ಚಿನದೆಂದು ನಾವು ತಿಳಿಯುತ್ತೇವೆ.

ಆ ಮಗುವಿಗೆ ನಾವು ಇನ್ನೊಂದು ಹೆಸರನ್ನೂ ಹೇಳಬೇಕು. ಮನೆಮಾತು ಮರಾಠಿಯಾಗಿದ್ದ ದ. ರಾ. ಬೇಂದ್ರೆಯವರು ಕನ್ನಡದ ವರಕವಿಗಳಾದರು. 1944ರಿಂದ 1956ರವರೆಗೆ ಇದೇ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿ, ಬಳಿಕ ಧಾರವಾಡದ ಬಾನುಲಿ ನಿಲಯಕ್ಕೆ ಸಾಹಿತ್ಯ ಸಲಹೆಗಾರರಾಗಿ ಹೋದರು. ನಗುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ? ಹಲವು ನುಡಿಗಳ ನಡುವೆ ಹುಟ್ಟುವುದು ಕೊರತೆಯಲ್ಲ. ಕೈಗೆ ಬಂದ ನುಡಿಯನ್ನು ಕಾಳಜಿಯಿಂದ ಆಡದಿರುವುದೇ ಕೊರತೆ.

ಹಾಗಾದರೆ ನಾವು ಮಾಡಬೇಕಾದುದೇನು? ಒಂದೇ ಒಂದು ಚಿಕ್ಕ ಕೆಲಸವನ್ನು ಸೂಚಿಸುತ್ತೇವೆ. ಬುಧವಾರ ಸಂಜೆಯ ಎಂಟು ಗಂಟೆಯನ್ನು ಕನ್ನಡಕ್ಕಾಗಿ ಮೀಸಲಿಡೋಣ. ಆ ಹೊತ್ತಿನಲ್ಲಿ ಮನೆಯ ಮಗು ಒಂದು ಪುಟವನ್ನು ಗಟ್ಟಿಯಾಗಿ ಓದಲಿ. ಉಳಿದವರು ಕೈಗೆಲಸ ಬಿಟ್ಟು ಕೇಳಲಿ. ತಪ್ಪಿದಲ್ಲಿ ಮೆಲ್ಲಗೆ ತಿದ್ದಲಿ, ನಗದಿರಲಿ. ಅಜ್ಜ ಅಜ್ಜಿಯರು ಹಾಡುವ ಬೀಸುವ ಪದ, ಹೇಳುವ ಕಥೆಗಳನ್ನು ಕೈಯಲ್ಲಿರುವ ಮೊಬೈಲಿನಲ್ಲಿ ಮುದ್ರಿಸಿಡಲಿ. ಸಯಾನಿಯವರ ಧ್ವನಿ ಅವರು ಹೋದ ಮೇಲೂ ಮುದ್ರಿಕೆಗಳಲ್ಲಿ ಉಳಿದಿದೆ. ನಮ್ಮ ಅಜ್ಜಿಯ ಧ್ವನಿ ಉಳಿಯುವುದು ನಾವು ಮನಸ್ಸು ಮಾಡಿದರೆ ಮಾತ್ರ.

ಕಾಣದ ಜನರನ್ನು ಒಡಹುಟ್ಟಿದವರಂತೆ ಕರೆದ ಆ ಹಿರಿಯರಿಗೆ ನಮ್ಮ ವಂದನೆ. ಅವರಂತೆಯೇ ನಮ್ಮ ಮಕ್ಕಳೂ ಅಂಜದೆ, ಅಕ್ಕರೆಯಿಂದ, ನಾಲ್ಕು ಜನ ಕೇಳುವಂತೆ ಕನ್ನಡ ಮಾತಾಡಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.