ಶುಶ್ರೂಷೆಯೂ ಒಂದು ವಿದ್ಯೆ
(ಶತಮಾನೋತ್ಸವದ ಅಂಗವಾಗಿ ಕನಮಡಿಯಲ್ಲಿ ಜರುಗಿದ ಆರೋಗ್ಯ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವವೆಂದರೆ ದೇವಾಲಯಕ್ಕೆ ಬಣ್ಣ ಬಳಿದು, ದೀಪಗಳನ್ನು ಬೆಳಗಿ, ಹಿರಿಯರನ್ನು ಸ್ಮರಿಸಿ ಮುಗಿಸುವ ಕಾರ್ಯವಲ್ಲ. ಮುಂದಿನ ತಲೆಮಾರಿಗೆ ನಾವು ಏನನ್ನು ಒಪ್ಪಿಸಲಿದ್ದೇವೆ ಎಂಬುದನ್ನೂ ವಿಚಾರಿಸತಕ್ಕದ್ದು. ಆದಕಾರಣ ದಿನನಿತ್ಯ ನಾವು ಕಾಣುತ್ತಿದ್ದರೂ ವಿದ್ಯೆಯೆಂದು ಎಣಿಸದ ಒಂದು ವಿದ್ಯೆಯ ಕುರಿತು ಇಂದು ಮಾತನಾಡಲು ಬಯಸುತ್ತೇವೆ. ಅದು ಶುಶ್ರೂಷೆ, ಅದರಲ್ಲಿಯೂ, ಒಂದು ಬಗೆಯ ರೋಗಿಗಳ ಆರೈಕೆಯನ್ನೇ ಆಳವಾಗಿ ಕಲಿತು ಅದರಲ್ಲಿ ಪರಿಣತಿ ಪಡೆದವರ ಸೇವೆ. ಇಂಥವರನ್ನು ಪಾಶ್ಚಾತ್ಯ ದೇಶಗಳಲ್ಲಿ 'ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್' ಎಂದು ಕರೆಯುತ್ತಾರೆ. ನಾವು ಪರಿಣತ ಶುಶ್ರೂಷಕಿ ಎನ್ನೋಣ.

ನಮ್ಮ ಭಾಗದಲ್ಲಿ ನರ್ಸಬಾಯಿ ಎಂದೊಡನೆ ಸೂಜಿ ಚುಚ್ಚುವವಳು, ಡಾಕ್ಟರು ಹೇಳಿದ್ದನ್ನು ಮಾಡುವವಳು ಎಂಬ ಕಲ್ಪನೆ ಮಾತ್ರ ಮೂಡುತ್ತದೆ. ಆಕೆಯಲ್ಲಿ ಕರುಣೆ ಇದ್ದರೆ ಸಾಕು ಎನ್ನುವವರೂ ಉಂಟು. ಆದರೆ ಕರುಣೆಯೊಂದೇ ಸಾಲದು. ಲೂಕನ ಶುಭಸಂದೇಶದಲ್ಲಿ ಬರುವ ಸಮಾರಿಯದವನನ್ನು ನೆನೆಯಿರಿ. ಅವನು ಗಾಯಾಳುವನ್ನು ಕಂಡು ಮರುಗಿ ಸುಮ್ಮನಾಗಲಿಲ್ಲ. ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದು ಪಟ್ಟಿ ಕಟ್ಟಿದನು. ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಸಾಗಿಸಿದನು. ಮರುದಿನದ ಆರೈಕೆಗೂ ಹಣವಿತ್ತು, ತಾನು ಹಿಂತಿರುಗಿ ಬರುವುದಾಗಿ ತಿಳಿಸಿದನು. ಏನು ಮಾಡಬೇಕೆಂಬ ಅರಿವು, ಆಮೇಲೆ ಏನಾಯಿತೆಂದು ನೋಡುವ ಹೊಣೆ, ಇವೆರಡೂ ಅವನ ಕರುಣೆಯೊಡನೆ ಕೂಡಿದ್ದವು. ಶುಶ್ರೂಷಾ ವಿದ್ಯೆಯ ತಿರುಳು ಇದೇ.

ದಾದಿಯರ ಪಾಲಕ ಸಂತರೆಂದು 11ನೆಯ ಪಯಸ್ ಜಗದ್ಗುರುಗಳು 1930ರಲ್ಲಿ ಸಾರಿದ ಸಂತ ಕಮಿಲ್ಲಸರು ಪುರುಷರು, ಮೊದಲು ಸೈನಿಕರು. ಕಾಲಿನಲ್ಲಿ ಮಾಯದ ಗಾಯವನ್ನು ಹೊತ್ತು ರೋಮಿನ ಆಸ್ಪತ್ರೆಗೆ ರೋಗಿಯಾಗಿ ಬಂದವರು, ಅಲ್ಲಿ ಆರೈಕೆಯ ದುಃಸ್ಥಿತಿಯನ್ನು ಕಂಡು, ರೋಗಿಗಳ ಸೇವೆಗೆಂದೇ ಒಂದು ಸಭೆಯನ್ನು ಸ್ಥಾಪಿಸಿದರು. ನಮ್ಮ ನಾಡಿನಲ್ಲಿಯೂ ಈ ಪರಂಪರೆ ಹೊಸದಲ್ಲ. ಮಂಗಳೂರಿನಲ್ಲಿ ಫಾದರ್ ಮುಲ್ಲರರು 1880ರಲ್ಲಿ ಆರಂಭಿಸಿದ ಔಷಧಾಲಯ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಧರ್ಮಭಗಿನಿಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. ನಮ್ಮ ಈ ಗಡಿಭಾಗಕ್ಕೆ ಹತ್ತಿರದ ಮಿರಜಿನಲ್ಲಿ ಪ್ರೆಸ್ಬಿಟೇರಿಯನ್ ಮಿಷನ್ನಿನ ಡಾ. ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆ ತೆರೆದು, ದಾದಿಯರ ಶಿಕ್ಷಣಕ್ಕೂ ಅಡಿಪಾಯ ಹಾಕಿದರು. ವಿಜಾಪುರ ಸೀಮೆಯ ಜನ ಚಿಕಿತ್ಸೆಗಾಗಿ ಮಿರಜಿಗೆ ಹೋದ ಕಥೆಗಳು ನಮ್ಮ ಹಿರಿಯರ ಬಾಯಲ್ಲಿ ಈಗಲೂ ಇವೆ.

ಇನ್ನು ಪರಿಣತಿಯ ಮಾತು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಹಿಲ್ಡಗಾರ್ಡ್ ಪೆಪ್ಲಾವ್ ಎಂಬ ಶುಶ್ರೂಷಕಿ 1950ರ ದಶಕದಲ್ಲಿ ಮಾನಸಿಕ ರೋಗಿಗಳ ಶುಶ್ರೂಷೆಯಲ್ಲಿ ಪರಿಣತರನ್ನು ಸಿದ್ಧಗೊಳಿಸುವ ಉನ್ನತ ಶಿಕ್ಷಣವನ್ನು ಆರಂಭಿಸಿದರು. ಅದೇ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲಿಯೂ, 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ದಾದಿಯರಿಗೆ ಈ ವಿಶೇಷ ತರಬೇತಿ ಮೊದಲಾಯಿತು ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು.

ಇಂಥ ಪರಿಣತೆ ವೈದ್ಯರ ಸ್ಥಾನವನ್ನು ಕಸಿಯುವವಳಲ್ಲ. ಆಕೆಯ ಕೆಲಸ ಮೂರು ಬಗೆಯದು. ಮೊದಲನೆಯದು ರೋಗಿಯ ನೇರ ಆರೈಕೆ. ಎರಡನೆಯದು ಇತರ ದಾದಿಯರಿಗೆ ಹಾಸಿಗೆಯ ಬಳಿಯಲ್ಲಿಯೇ ಕಲಿಸುವುದು. ಮೂರನೆಯದು ಆಸ್ಪತ್ರೆಯ ಪದ್ಧತಿಯಲ್ಲಿ ಲೋಪವೆಲ್ಲಿದೆ ಎಂದು ಕಂಡುಹಿಡಿದು ತಿದ್ದಿಸುವುದು.

ಉದಾಹರಣೆಗೆ, ದ್ರಾಕ್ಷಿ ತೋಟದಲ್ಲಿ ಬರಿಗಾಲಿನಲ್ಲಿ ದುಡಿಯುವ ಸಕ್ಕರೆ ಕಾಯಿಲೆಯ ರೈತನೊಬ್ಬನನ್ನು ಊಹಿಸಿಕೊಳ್ಳಿ. ಅಂಗಾಲಿನ ಸ್ಪರ್ಶ ಕುಂದಿರುವುದರಿಂದ ಜಾಲಿಯ ಮುಳ್ಳು ನೆಟ್ಟಿದ್ದೂ ತಿಳಿಯದು. ನೋವಿಲ್ಲ, ಆದುದರಿಂದ ಚಿಂತೆಯಿಲ್ಲ ಎಂದು ಅವನು ಭಾವಿಸುತ್ತಾನೆ. ಸಕ್ಕರೆ ಕಾಯಿಲೆಯ ಶುಶ್ರೂಷೆಯನ್ನು ಕಲಿತವಳು ನೈಲಾನಿನ ಸಣ್ಣ ಎಳೆಯೊಂದನ್ನು ಅಂಗಾಲಿಗೆ ಒತ್ತಿ, ಸ್ಪರ್ಶ ಎಲ್ಲಿ ಹೋಗಿದೆ ಎಂದು ಗುರುತಿಸುತ್ತಾಳೆ. ಚಪ್ಪಲಿಯನ್ನು ತಿರುವಿ ನೋಡುತ್ತಾಳೆ. ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ನನ್ನು ಮಣ್ಣಿನ ಮಡಕೆಯ ತಂಪಿನಲ್ಲಿ ಹೇಗಿಡಬೇಕೆಂದು ಮನೆಯಾಕೆಗೆ ಹೇಳಿಕೊಡುತ್ತಾಳೆ. ಇಷ್ಟು ನಡೆದರೆ ಒಂದು ಕಾಲು ಉಳಿದೀತು. ಕಾಲು ಉಳಿದರೆ ಒಂದು ಸಂಸಾರದ ಅನ್ನ ಉಳಿಯುತ್ತದೆ.

ಕ್ಯಾನ್ಸರಿನ ಕೊನೆಯ ಹಂತದವರ ಆರೈಕೆಯೂ ಹೀಗೆಯೇ. 'ಇನ್ನೇನೂ ಮಾಡುವುದಕ್ಕಿಲ್ಲ, ಮನೆಗೆ ಕರೆದೊಯ್ಯಿರಿ' ಎಂಬ ಮಾತನ್ನು ಎಷ್ಟು ಮನೆಗಳು ಕೇಳಿಲ್ಲ! ಲಂಡನ್ನಿನಲ್ಲಿ 1967ರಲ್ಲಿ ಸಂತ ಕ್ರಿಸ್ಟೋಫರ್ ಹಾಸ್ಪಿಸನ್ನು ತೆರೆದ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿ ತರಬೇತಿ ಪಡೆದು ಆಮೇಲೆ ವೈದ್ಯೆಯಾದವರು. ಮಾಡುವುದು ಬಹಳವಿದೆ ಎಂದು ಅವರು ತೋರಿಸಿಕೊಟ್ಟರು. ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ಆರೈಕೆ ನಡೆದುಬಂದಿದೆ. ನೋವು ಎಷ್ಟೆಂದು ಅಳೆಯುವುದು, ವೈದ್ಯರು ಬರೆದ ಮಾರ್ಫಿನ್ನನ್ನು ನೋವು ಮರುಕಳಿಸುವ ಮೊದಲೇ ವೇಳೆಗೆ ಸರಿಯಾಗಿ ಕೊಡುವುದು, ಅದರಿಂದಾಗುವ ಮಲಬದ್ಧತೆಯನ್ನು ತಡೆಯುವುದು, ಒಣಗಿದ ಬಾಯನ್ನು ಒದ್ದೆಮಾಡುವುದು, ಮನೆಯವರ ಭಯವನ್ನು ಕೇಳಿಸಿಕೊಳ್ಳುವುದು, ಇವೆಲ್ಲ ಪರಿಣತ ಶುಶ್ರೂಷಕಿಯ ಕಸುಬು. ಅಂತ್ಯಕಾಲದ ಸಂಸ್ಕಾರ ನೀಡಲು ಹೋಗುವ ಗುರುಗಳಾದ ನಾವು ಬಲ್ಲೆವು: ನೋವಿನಿಂದ ಒದ್ದಾಡುವವನು ಪ್ರಾರ್ಥಿಸಲಾರ, ಮಕ್ಕಳಿಗೆ ಕೊನೆಯ ಮಾತನ್ನೂ ಹೇಳಲಾರ.

ಇದು ಕೇವಲ ಭಾವನೆಯ ಮಾತಲ್ಲ. ಯೂರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ನಾಲ್ಕು ಲಕ್ಷಕ್ಕೂ ಮಿಕ್ಕ ರೋಗಿಗಳ ಕುರಿತ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಪದವಿ ಶಿಕ್ಷಣ ಪಡೆದ ದಾದಿಯರ ಪ್ರಮಾಣ ಶೇಕಡಾ 10ರಷ್ಟು ಹೆಚ್ಚಿದ್ದಲ್ಲಿ ರೋಗಿಗಳ ಸಾವಿನ ಸಂಭವ ಶೇಕಡಾ 7ರಷ್ಟು ಕಡಿಮೆಯಿತ್ತು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಲ್ಲಿ ಅದು ಶೇಕಡಾ 7ರಷ್ಟು ಏರಿತ್ತು. ದಾದಿಯ ವಿದ್ಯೆಗೂ ರೋಗಿಯ ಉಸಿರಿಗೂ ಇರುವ ನಂಟು ಇಂಥದು.

ಹಾಗಾದರೆ ನಮ್ಮಲ್ಲಿ ತೊಡಕೇನು? ವಿದ್ಯೆ ಇಲ್ಲವೆಂದಲ್ಲ. ನಾಲ್ಕು ವರ್ಷದ ಪದವಿಯ ಮೇಲೆ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣವಿದೆ; ತೀವ್ರ ನಿಗಾ, ಕ್ಯಾನ್ಸರ್, ನವಜಾತ ಶಿಶುಗಳ ಆರೈಕೆ ಮುಂತಾದವುಗಳಲ್ಲಿ ಒಂದು ವರ್ಷದ ವಿಶೇಷ ಡಿಪ್ಲೊಮಾಗಳಿವೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಶುಶ್ರೂಷಕಿಯರಿಗೆ ಉನ್ನತ ಹುದ್ದೆಗಳನ್ನು ಸೃಷ್ಟಿಸಬೇಕೆಂದು ಸೂಚಿಸಿದೆ. 2018ರಿಂದ ಹಳ್ಳಿಗಳ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಶುಶ್ರೂಷೆ ಕಲಿತವರು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಪರೀಕ್ಷಿಸುತ್ತಿರುವುದು ಶುಭ ಲಕ್ಷಣ. ಆದರೂ ಹೆಚ್ಚು ಕಲಿತವಳು ರೋಗಿಯ ಬಳಿ ಉಳಿಯುವುದು ಅಪರೂಪ. ಸ್ನಾತಕೋತ್ತರ ಪದವಿ ಪಡೆದವಳು ಕಾಲೇಜಿನಲ್ಲಿ ಪಾಠ ಹೇಳಲು ಹೋಗುತ್ತಾಳೆ, ಇಲ್ಲವೇ ವಿಮಾನ ಹತ್ತುತ್ತಾಳೆ. ಒಂದು ವಾರ್ಡಿನಲ್ಲಿ ನುರಿತವಳನ್ನು ಮರುತಿಂಗಳು ಇನ್ನೊಂದು ವಾರ್ಡಿಗೆ ಹಾಕುವುದುಂಟು. ಕಲಿತ ವಿದ್ಯೆಗೆ ಹುದ್ದೆಯಿಲ್ಲ, ಸಂಬಳವಿಲ್ಲ, ಆಕೆಯ ಮಾತಿಗೆ ಕಿವಿಯಿಲ್ಲ ಎಂದಾದರೆ ಆಕೆ ಹೋದುದಕ್ಕೆ ಆಕೆಯನ್ನು ದೂರುವುದು ನ್ಯಾಯವೇ?

ಇದರ ಬೆಲೆಯನ್ನು ತೆರುವವರು ಕನಮಡಿಯಂಥ ಊರಿನವರು. ಇಲ್ಲಿಂದ ವಿಜಯಪುರದ ದೊಡ್ಡ ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ದೂರದ ಊರಿಗೆ ಎಲ್ಲ ಬಗೆಯ ತಜ್ಞ ವೈದ್ಯರೂ ಬಂದು ನೆಲೆಸಲಾರರು. ಪರಿಣತ ಶುಶ್ರೂಷಕಿ ನೆಲೆಸಬಲ್ಲಳು. ಏಕೆಂದರೆ ಆಕೆ ನಮ್ಮ ಮನೆಯ ಮಗಳೇ ಆಗಿರಬಹುದು.

ಆದುದರಿಂದ ಮೂರು ಮಾತುಗಳನ್ನು ತಮ್ಮ ಮುಂದಿಡುತ್ತೇವೆ. ತಂದೆತಾಯಿಗಳೇ, ಶುಶ್ರೂಷೆ ಕಲಿತ ಮಗಳನ್ನು ಮದುವೆಯ ಅವಸರದಿಂದ ಅರ್ಧಕ್ಕೆ ನಿಲ್ಲಿಸಬೇಡಿರಿ. ಮಗ ಈ ವಿದ್ಯೆಯನ್ನು ಬಯಸಿದರೆ ಹಾಸ್ಯ ಮಾಡಬೇಡಿರಿ. ಆಸ್ಪತ್ರೆಗಳ ಆಡಳಿತ ನಡೆಸುವವರೇ, ಅದರಲ್ಲಿಯೂ ಧರ್ಮಸಭೆಯ ಹೆಸರಿನಲ್ಲಿ ನಡೆಸುವವರೇ, ಪರಿಣತೆಯನ್ನು ಆಕೆಯ ವಾರ್ಡಿನಲ್ಲಿಯೇ ಇರಿಸಿ, ವಿದ್ಯೆಗೆ ತಕ್ಕ ಸಂಬಳ ಕೊಡಿರಿ. ಸೇವೆಯೆಂಬ ಪವಿತ್ರ ಶಬ್ದವನ್ನು ಕಡಿಮೆ ಸಂಬಳಕ್ಕೆ ಮುಸುಕಾಗಿ ಬಳಸಬಾರದು. ಕೊನೆಯದಾಗಿ, ನಮ್ಮ ಧರ್ಮಕೇಂದ್ರಕ್ಕೆ: ಶತಮಾನೋತ್ಸವದ ಕಾಣಿಕೆಯ ಒಂದು ಪಾಲನ್ನು ಈ ಭಾಗದ ಒಬ್ಬ ಶುಶ್ರೂಷಕಿಯ ವಿಶೇಷ ತರಬೇತಿಗೆ ಮೀಸಲಿಡೋಣ. ಆಕೆ ಯಾವ ಜಾತಿಮತದವಳೆಂದು ಕೇಳುವುದು ಬೇಡ. ಸಮಾರಿಯದವನೂ ಕೇಳಲಿಲ್ಲ.

ನೂರು ವರ್ಷಗಳ ನೆನಪಿಗೆ ಕಲ್ಲಿನ ಫಲಕ ಬೇಕು, ನಿಜ. ಅದರೊಡನೆ, ನೋವನ್ನು ಅರಿತು ಶಮನ ಮಾಡಬಲ್ಲ ಎರಡು ಕೈಗಳೂ ಈ ಊರಿಗೆ ದೊರೆಯಲಿ. ದೇವರು ತಮ್ಮೆಲ್ಲರನ್ನೂ, ಇಂದು ರಾತ್ರಿ ರೋಗಿಗಳ ಬಳಿ ಎಚ್ಚರವಿರುವ ಎಲ್ಲರನ್ನೂ ಆಶೀರ್ವದಿಸಲಿ.