ಕೈಗೆಟುಕುವ ಮನೆ: ಮುಂಬಯಿಯ ಬಾಡಿಗೆದಾರರ ಅಹವಾಲು



ಗಿರ್‌ಗಾಂವ್, ಭೂಲೇಶ್ವರ, ಪರೇಲ್, ಲಾಲ್‌ಬಾಗ್‌ಗಳ ಹಳೆಯ ಚಾಳುಗಳಲ್ಲಿ ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆ ತೆತ್ತು ವಾಸಿಸುವ ಕುಟುಂಬಗಳು ಇಂದಿಗೂ ಇವೆ. ಒಂದು ಖೋಲಿ, ಅದರ ಮುಂದೆ ಎಲ್ಲರೂ ಓಡಾಡುವ ಉದ್ದನೆಯ ಪಡಸಾಲೆ, ಮಹಡಿಯ ಕೊನೆಯಲ್ಲಿ ಸಾಮೂಹಿಕ ಶೌಚಾಲಯ. ನಕ್ಷೆ ತಯಾರಿಸುವವರ ಕಣ್ಣಿಗೆ ಇದು ಜೀರ್ಣ ಕಟ್ಟಡ. ಅಲ್ಲಿರುವವರಿಗಾದರೋ ಅದು ದುಡಿಮೆಯ ಸ್ಥಳಕ್ಕೆ ಸಮೀಪದ, ಸಂಬಳದಲ್ಲಿ ಬಾಡಿಗೆ ತೆರಬಹುದಾದ ಮನೆ. ನಗರದ ವಸತಿ ಯೋಜನೆಯ ಕರಡು ಪ್ರಕಟವಾದಾಗ ಬಾಡಿಗೆದಾರರ ಪರವಾಗಿ ವಾದಿಸುವವರು ಎತ್ತುವ ಮೊದಲ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಹೊಸದಾಗಿ ಎಷ್ಟು ಅಗ್ಗದ ಮನೆಗಳನ್ನು ಕಟ್ಟಲಾಗುವುದು ಎಂಬ ಲೆಕ್ಕ ಸರಿಯೇ. ಈಗಾಗಲೇ ಇರುವ ಅಗ್ಗದ ಮನೆಗಳಲ್ಲಿ ಎಷ್ಟು ಉಳಿಯುವುವು ಎಂಬ ಲೆಕ್ಕವನ್ನು ಇಟ್ಟವರು ಯಾರು?

ಈ ಪ್ರಶ್ನೆಯ ಹಿಂದೆ ದೀರ್ಘ ಇತಿಹಾಸವಿದೆ. 1947ರ ಮುಂಬಯಿ ಬಾಡಿಗೆ ಅಧಿನಿಯಮವು ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ ತಿಂಗಳ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಾನಂತರದ ಅಭಾವದ ದಿನಗಳಲ್ಲಿ ಸಹಸ್ರಾರು ಕುಟುಂಬಗಳು ಬೀದಿಪಾಲಾಗದಂತೆ ತಡೆದದ್ದು ಈ ಕಾನೂನೇ. ಆದರೆ ಬೆಲೆಗಳು ಏರುತ್ತ ಹೋದಂತೆ ಬಾಡಿಗೆ ಮಾತ್ರ ನಿಂತಲ್ಲಿಯೇ ನಿಂತಿತು. ಮಾಲೀಕರು ದುರಸ್ತಿಯನ್ನು ಕೈಬಿಟ್ಟರು. ಮಳೆಗಾಲ ಬಂತೆಂದರೆ ಕಟ್ಟಡಗಳು ಕುಸಿಯತೊಡಗಿದವು. ಆಗ 1969ರಲ್ಲಿ ಬೇರೊಂದು ಕಾನೂನನ್ನು ತಂದು, ದ್ವೀಪನಗರದ ಹಳೆಯ ಕಟ್ಟಡಗಳ ಮೇಲೆ ದುರಸ್ತಿ ಉಪಕರವನ್ನು ವಿಧಿಸಿ, ದುರಸ್ತಿಯ ಹೊಣೆಯನ್ನು ಒಂದು ಮಂಡಳಿಗೆ ವಹಿಸಲಾಯಿತು. ಅಂದು ಇಂತಹ ಉಪಕರದ ಕಟ್ಟಡಗಳ ಸಂಖ್ಯೆ 19,642. ಅವುಗಳಲ್ಲಿ 1940ರ ಸೆಪ್ಟೆಂಬರ್‌ಗಿಂತ ಮುಂಚೆ ಕಟ್ಟಿದವೇ ಹದಿನಾರು ಸಾವಿರಕ್ಕೂ ಹೆಚ್ಚು. ಈ ಮಂಡಳಿ ಬಳಿಕ ಮಹಾರಾಷ್ಟ್ರ ಗೃಹನಿರ್ಮಾಣ ಮತ್ತು ಕ್ಷೇತ್ರಾಭಿವೃದ್ಧಿ ಪ್ರಾಧಿಕಾರದ, ಅಂದರೆ ಜನರು ಮ್ಹಾಡಾ ಎಂದು ಕರೆಯುವ ಸಂಸ್ಥೆಯ ಅಂಗವಾಯಿತು.

ಮಾಲೀಕರ ಅಳಲಿನಲ್ಲಿಯೂ ನ್ಯಾಯವಿತ್ತೆಂಬುದನ್ನು ಮರೆಯುವಂತಿಲ್ಲ. ಬಾಡಿಗೆಯನ್ನು ಹೀಗೆ ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸುವುದು ಯುಕ್ತವಲ್ಲವೆಂದು 1997ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ ಹೇಳಿತು. ಅನಂತರ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮವು ವರ್ಷಕ್ಕೆ ಶೇಕಡಾ 4ರಷ್ಟು ಏರಿಕೆಗೆ ಅವಕಾಶ ನೀಡಿತು. ಅದುವರೆಗೆ ಕದ್ದುಮುಚ್ಚಿ ನಡೆಯುತ್ತಿದ್ದ ಪಗಡಿಯ ವ್ಯವಹಾರಕ್ಕೆ ಕಾನೂನಿನ ಮನ್ನಣೆ ಕೊಟ್ಟಿತು. ಆದರೂ ಅತ್ಯಲ್ಪ ಮೊತ್ತದ ಮೇಲಿನ ಶೇಕಡಾ 4ರಿಂದ ನೂರು ವರ್ಷದ ಕಟ್ಟಡದ ತೊಲೆ ಬದಲಾಗದು.

ಹಾಗಾಗಿ ದುರಸ್ತಿಗಿಂತ ಪುನರ್ನಿರ್ಮಾಣದ ಕಡೆಗೆ ಎಲ್ಲರ ದೃಷ್ಟಿ ಹೊರಳಿತು. 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 33(7)ನೆಯ ನಿಯಮದ ಮೇರೆಗೆ, ಹಳೆಯ ಬಾಡಿಗೆದಾರರಿಗೆ ಅದೇ ನಿವೇಶನದಲ್ಲಿ ಉಚಿತವಾಗಿ ಮನೆ ಕಟ್ಟಿಕೊಡುವ ನಿರ್ಮಾಪಕನಿಗೆ ಹೆಚ್ಚುವರಿ ಎಫ್.ಎಸ್.ಐ. ದೊರೆಯುವಂತಾಯಿತು, ಹೆಚ್ಚಾಗಿ ಕಟ್ಟಿದ ಭಾಗವನ್ನು ಆತ ಮಾರುಕಟ್ಟೆಯ ಬೆಲೆಗೆ ಮಾರಿಕೊಳ್ಳಬಹುದಾಗಿತ್ತು. ಕಾಗದದ ಮೇಲೆ ಇದರಿಂದ ಯಾರಿಗೂ ನಷ್ಟವಿಲ್ಲ. ನಷ್ಟ ಎಲ್ಲಿ ಅಡಗಿರುತ್ತದೆ ಎಂಬುದನ್ನು ತೋರಿಸಿಕೊಟ್ಟವರು ಬಾಡಿಗೆದಾರರು.

ಅವರ ಮೊದಲ ತಕರಾರು ವಿಸ್ತೀರ್ಣದ್ದು. ಆರಂಭದಲ್ಲಿ ಕನಿಷ್ಠ 225 ಚದರ ಅಡಿ ಎಂದಿದ್ದುದು ಮುಂದೆ 300 ಚದರ ಅಡಿಗೆ ಏರಿತು. ಎರಡನೆಯದು ಸ್ಥಳಾಂತರದ ಅವಧಿಯದು, ಇದೇ ಅತಿ ಕಠಿಣವಾದುದು. ಕಟ್ಟಡ ಕೆಡವಿದ ಮೇಲೆ ಕುಟುಂಬಗಳು ಎಲ್ಲಿಗೆ ಹೋಗಬೇಕು? ಉಪನಗರಗಳ ಟ್ರಾನ್ಸಿಟ್ ಕ್ಯಾಂಪಿಗೆ. ಕೆಲವು ವರ್ಷಗಳ ಮಟ್ಟಿಗೆಂದು ಹೋದವರು ಅಲ್ಲಿಯೇ ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಕಂಡ ಉದಾಹರಣೆಗಳು ವಿರಳವಲ್ಲ. ಮಕ್ಕಳ ಶಾಲೆ ದೂರವಾಗುತ್ತದೆ. ನಾಲ್ಕು ಮನೆಗಳ ಪಾತ್ರೆ ತೊಳೆದು ಸಂಸಾರ ನಡೆಸುವ ಹೆಂಗಸಿನ ನಾಲ್ಕು ಮನೆಗಳೂ ಕೈತಪ್ಪುತ್ತವೆ. ಆದ್ದರಿಂದಲೇ ತಾತ್ಕಾಲಿಕ ವಸತಿ ಅಥವಾ ಅದರ ಬಾಡಿಗೆ ನಿಶ್ಚಯವಾಗದೆ ಒಂದು ಇಟ್ಟಿಗೆಯನ್ನೂ ಕೀಳಬಾರದೆಂಬ ಬೇಡಿಕೆ ಮತ್ತೆ ಮತ್ತೆ ಕೇಳಿಬರುತ್ತದೆ. ಮೂರನೆಯ ತಕರಾರನ್ನು ಯೋಜಕರು ಬಹುಶಃ ಊಹಿಸಿರಲಾರರು. ಹೊಸ ಕಟ್ಟಡಕ್ಕೆ ಲಿಫ್ಟ್ ಬಂತು, ನೀರೆತ್ತುವ ಪಂಪು ಬಂತು, ಕಾವಲುಗಾರ ಬಂದ. ಉಚಿತವಾಗಿ ದೊರೆತ ಮನೆಯ ಮಾಸಿಕ ನಿರ್ವಹಣಾ ವೆಚ್ಚ ಹಿಂದಿನ ಬಾಡಿಗೆಯ ಹಲವು ಪಟ್ಟಾಯಿತು. ಅದನ್ನು ತೆರಲಾರದವನು ಮನೆ ಮಾರಿ ವಿರಾರ್‌ಗೋ ಅಂಬರನಾಥಕ್ಕೋ ಹೊರಟ. ನಿರ್ಮಾಪಕನೇ ಒಂದು ಮೂಲನಿಧಿಯನ್ನು ಇರಿಸಬೇಕೆಂಬ ಷರತ್ತಿನ ಅಗತ್ಯ ಈ ಅನುಭವದಿಂದ ಮನವರಿಕೆಯಾಗುತ್ತದೆ.

2014ರಿಂದ 2034ರವರೆಗಿನ ಅವಧಿಗೆಂದು ರೂಪಿಸಿದ ಮುಂಬಯಿ ಅಭಿವೃದ್ಧಿ ಯೋಜನೆ ಈ ಅಹವಾಲುಗಳಿಗೆ ದೊಡ್ಡ ವೇದಿಕೆಯಾಯಿತು. ಮೊದಲ ಕರಡು 2015ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅದರಲ್ಲಿ ದೋಷಗಳು ಎಷ್ಟಿದ್ದುವೆಂದರೆ, ಸಾರ್ವಜನಿಕರ ಪ್ರತಿಭಟನೆಯ ನಂತರ ಏಪ್ರಿಲ್‌ನಲ್ಲಿಯೇ ಅದನ್ನು ಪರಿಷ್ಕರಿಸುವಂತೆ ರಾಜ್ಯ ಸರ್ಕಾರ ಆದೇಶಿಸಬೇಕಾಯಿತು. ಕರಡು ಮರಾಠಿಯಲ್ಲಿ ದೊರೆಯಬೇಕೆಂಬುದು ನಾಗರಿಕ ಸಂಘಟನೆಗಳ ಬೇಡಿಕೆಗಳಲ್ಲೊಂದಾಗಿತ್ತು. ಓದಲಾಗದ ದಾಖಲೆಗೆ ಆಕ್ಷೇಪಣೆ ಬರೆಯುವುದೆಂತು? ಭಾಷಾಂತರವನ್ನು ಕೊನೆಯ ಗಳಿಗೆಯ ಕೆಲಸವೆಂದು ಬಗೆಯುವ ಕಚೇರಿಗಳು ಇದನ್ನು ಗಮನಿಸಬೇಕು. ಪರಿಷ್ಕೃತ ಕರಡು 2016ರ ಮೇ ತಿಂಗಳಲ್ಲಿ ಹೊರಬಂದಾಗ ಬಂದ ಸಲಹೆ, ಆಕ್ಷೇಪಣೆಗಳು ಸುಮಾರು 84,000. ರಾಜ್ಯ ಸರ್ಕಾರದ ಮಂಜೂರಾತಿ 2018ರಲ್ಲಿ ದೊರೆಯಿತು.

ಈ ಯೋಜನೆಯ ಹೆಗ್ಗಳಿಕೆ ಸುಮಾರು ಹತ್ತು ಲಕ್ಷ ಕೈಗೆಟುಕುವ ಮನೆಗಳ ಗುರಿ. ಅದಕ್ಕಾಗಿ ಅದುವರೆಗೆ ನಿರ್ಮಾಣ ನಿಷೇಧಿಸಿದ್ದ ವಲಯಗಳನ್ನೂ ಉಪ್ಪಿನಾಗರಗಳನ್ನೂ ತೆರೆಯುವ ಮಾತು ಬಂತು. ಪರಿಸರವಾದಿಗಳ ಆಕ್ಷೇಪ ಒಂದು ಬಗೆಯದಾದರೆ, ವಸತಿ ಹಕ್ಕಿನ ಪರವಾಗಿ ಮಾತನಾಡುವವರ ಪ್ರಶ್ನೆ ಇನ್ನೊಂದು ಬಗೆಯದು: ಈ ಮನೆಗಳು ಯಾರ ಕೈಗೆ ಎಟುಕುವಂಥವು? ಮಾರಾಟದ ಮನೆಗೆ ಸಾಲ ಬೇಕು, ಸಾಲಕ್ಕೆ ಸಂಬಳದ ಚೀಟಿ ಬೇಕು. ಅದಿಲ್ಲದವನಿಗೆ ಬೇಕಾದುದು ಬಾಡಿಗೆಯ ಮನೆ. ಮುಂಬಯಿ ಮಹಾನಗರ ಪ್ರದೇಶದಲ್ಲಿ 2008ರಲ್ಲಿ 160 ಚದರ ಅಡಿಯ ಬಾಡಿಗೆ ಮನೆಗಳ ಯೋಜನೆಯೊಂದು ಆರಂಭವಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ದಾರಿ ಬದಲಿಸಿ ಮಾರಾಟದ ಮನೆಗಳ ಕಡೆಗೆ ತಿರುಗಿತು. ಕೇಂದ್ರ ಸರ್ಕಾರವು 2021ರಲ್ಲಿ ಮಾದರಿ ಬಾಡಿಗೆ ಅಧಿನಿಯಮವನ್ನು ರಾಜ್ಯಗಳಿಗೆ ಕಳುಹಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಠೇವಣಿ ಕೇಳಬಾರದೆಂಬುದು ಅದರ ಒಂದು ಅಂಶ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ನಗರ ವಸತಿ ಯೋಜನೆಯ ಎರಡನೆಯ ಹಂತದಲ್ಲಿ ಬಾಡಿಗೆ ವಸತಿಗೆ ಪ್ರತ್ಯೇಕ ವಿಭಾಗವಿದೆ. ಮಾದರಿ ಅಧಿನಿಯಮವನ್ನು ಅಳವಡಿಸಿಕೊಳ್ಳುವುದು ಮಾತ್ರ ಆಯಾ ರಾಜ್ಯಕ್ಕೆ ಬಿಟ್ಟದ್ದು. ಅದು ಹಳೆಯ ಬಾಡಿಗೆಗಳಿಗೆ ಅನ್ವಯಿಸುವುದೂ ಇಲ್ಲ.

ಬಾಡಿಗೆದಾರರೇ ಸಂಘ ಕಟ್ಟಿಕೊಂಡು ಕಟ್ಟಡವನ್ನು ಪಡೆಯುವ ಮಾರ್ಗವೊಂದು 1986ರಿಂದ ಕಾನೂನಿನಲ್ಲಿದೆ. ಶೇಕಡಾ 70ರಷ್ಟು ನಿವಾಸಿಗಳು ಒಪ್ಪಿದರೆ, ಮಾಸಿಕ ಬಾಡಿಗೆಯ ನೂರು ಪಟ್ಟು ಹಣಕ್ಕೆ ಸ್ವಾಧೀನ ಮಾಡಿಕೊಡುವ ಅವಕಾಶವದು. ಮಾಲೀಕರು ಇದನ್ನು ಪ್ರಶ್ನಿಸಿದ ದಾವೆ ಮೂರು ದಶಕಗಳ ಕಾಲ ನಡೆಯಿತು. 2024ರ ನವೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು, ಖಾಸಗಿ ಸ್ವತ್ತೆಲ್ಲವೂ ಸಂವಿಧಾನದ 39(ಬಿ) ಅನುಚ್ಛೇದ ಹೇಳುವ ಸಮುದಾಯದ ಭೌತಿಕ ಸಂಪನ್ಮೂಲವಾಗದು ಎಂದು ಬಹುಮತದಿಂದ ತೀರ್ಪಿತ್ತಿತು. ದಾವೆ ಹೂಡಿದಾಗ ಯುವಕರಾಗಿದ್ದ ಬಾಡಿಗೆದಾರರು ತೀರ್ಪಿನ ವೇಳೆಗೆ ವೃದ್ಧರಾಗಿದ್ದರು. ಈ ನಡುವೆ, 2017ರ ಆಗಸ್ಟ್‌ನಲ್ಲಿ ಭೇಂಡಿ ಬಜಾರಿನಲ್ಲಿ ಕುಸಿದ ಒಂದು ಕಟ್ಟಡದಡಿಯಲ್ಲಿಯೇ ಮೂವತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು.

ಬಾಡಿಗೆದಾರರ ಪರ ವಾದದಲ್ಲಿಯೂ ಒಂದು ಕೊರತೆಯುಂಟು. ರಶೀದಿ ಇದ್ದವನನ್ನೇ ಅದು ಹೆಚ್ಚಾಗಿ ಎಣಿಸುತ್ತದೆ. ಪುನರ್ನಿರ್ಮಾಣದ ನಿಯಮವು 1996ರ ಜೂನ್ 13ರ ನಂತರ ಹುಟ್ಟಿದ ಹೊಸ ಬಾಡಿಗೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಡಿಗೆದಾರನ ಬಳಿ ಒಳಬಾಡಿಗೆಗೆ ಇರುವವನಿಗೆ, ಐದಾರು ಮಂದಿ ಸೇರಿ ಒಂದು ಖೋಲಿ ಹಿಡಿದು ಪಾಳಿಯಂತೆ ಮಲಗುವವರಿಗೆ ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲ. ಕರಾವಳಿಯಿಂದ ಬಂದು ಉಡುಪಿ ಹೋಟೆಲುಗಳಲ್ಲಿ ಹಗಲು ದುಡಿದು, ರಾತ್ರಿಶಾಲೆಯಲ್ಲಿ ಕಲಿತ ಕನ್ನಡಿಗರ ತಲೆಮಾರುಗಳು ಇಂತಹ ಹೆಸರಿಲ್ಲದ ವಾಸವನ್ನು ಚೆನ್ನಾಗಿ ಬಲ್ಲವು.

ಯೋಜನೆಯ ಕರಡು ಪ್ರಕಟವಾದಾಗ, 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಅಧಿನಿಯಮದಂತೆ, ನಿಗದಿತ ಅವಧಿಯೊಳಗೆ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಯೋಜನಾ ಸಮಿತಿಯ ಮುಂದೆ ಹಾಜರಾಗಿ ಅಹವಾಲು ಹೇಳಿಕೊಳ್ಳಲು ಅವಕಾಶವಿದೆ. ಇದಕ್ಕೆ ಮಾಲೀಕನಾಗಿರಬೇಕಿಲ್ಲ, ರಶೀದಿಯನ್ನೂ ತೋರಿಸಬೇಕಿಲ್ಲ. ತಮ್ಮ ಬೀದಿ, ಕಟ್ಟಡ ಯಾವ ಹಾಳೆಯಲ್ಲಿದೆ, ಅದರ ಮೇಲೆ ಯಾವ ಬಣ್ಣ ಬಳಿದಿದೆ ಎಂಬುದನ್ನು ವಾರ್ಡ್ ಕಚೇರಿಯಲ್ಲಿ ನೋಡಿಕೊಂಡು, ನಕ್ಷೆಯ ಹಾಳೆಯ ಸಂಖ್ಯೆಯನ್ನು ನಮೂದಿಸಿ ಬರೆದ ಒಂದು ಪುಟದ ಪತ್ರಕ್ಕೆ ನೂರು ಸಹಿಗಳ ಸಾಮಾನ್ಯ ಮನವಿಗಿಂತ ಹೆಚ್ಚಿನ ಬೆಲೆಯಿದೆ. ಸ್ವೀಕೃತಿಯ ಮೊಹರನ್ನು ಮಾತ್ರ ತಪ್ಪದೆ ಹಾಕಿಸಿಕೊಳ್ಳಬೇಕು.