ರಂಗದ ಹಾಡು ತೆರೆಗೆ ಬಂದಾಗ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸೊಲ್ಲಾಪುರ ಸೀಮೆಯ ಕನ್ನಡಿಗರಾದ ನಮಗೆ ಸಂಗೀತ ನಾಟಕವೆಂಬುದು ಎರಡು ಭಾಷೆಗಳ ಕೈಯಿಂದ ಬಂದ ಒಂದೇ ಆಸ್ತಿ. 1880ರಲ್ಲಿ ‘ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತ ರಂಗಭೂಮಿಗೆ ಭದ್ರವಾದ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗದ ಮೇಲೆ ಹಾಡಿ ಹೆಸರಾದರು. ಇಂಥ ನಾಟಕಗಳನ್ನು ಇಂದು ನಮ್ಮ ಮಕ್ಕಳು ಹೆಚ್ಚಾಗಿ ತೆರೆಯ ಮೇಲೆಯೇ ಕಾಣುತ್ತಾರೆ. ಆದುದರಿಂದ ತೆರೆಗೆ ಬರುವಾಗ ಯಾವುದು ಉಳಿಯಬೇಕು, ಯಾವುದನ್ನು ಬಿಡಬಹುದು ಎಂಬುದು ನಮ್ಮ ಮನೆಯ ಪ್ರಶ್ನೆಯೇ ಆಗಿದೆ.

ಮೂಲನಾಟಕದ ಒಂದು ಮಾತೂ ಕದಲಬಾರದೆಂಬುದು ಕೆಲವರ ಮತ. ಕಥೆಯೊಂದು ಉಳಿದರೆ ಸಾಕೆಂಬುದು ಇನ್ನು ಕೆಲವರ ಮತ. ನಮಗೆ ಇವೆರಡೂ ಒಪ್ಪಿಗೆಯಾಗುವುದಿಲ್ಲ. ನಾಟಕದಲ್ಲಿ ಹಾಡು ಯಾವ ಕೆಲಸವನ್ನು ಮಾಡುತ್ತಿತ್ತೋ ಆ ಕೆಲಸವನ್ನು ಚಿತ್ರದಲ್ಲಿಯೂ ಮಾಡಬೇಕು, ನಿಷ್ಠೆಯೆಂದರೆ ಇದೇ.

ಗುಬ್ಬಿ ಕಂಪನಿಯ ರಂಗದಿಂದ ತೆರೆಗೆ ಬಂದ ‘ಬೇಡರ ಕಣ್ಣಪ್ಪ’ವನ್ನು ನೋಡೋಣ. ಎಚ್.ಎಲ್.ಎನ್. ಸಿಂಹರ ನಿರ್ದೇಶನದಲ್ಲಿ ಅದು 1954ರಲ್ಲಿ ಚಿತ್ರವಾಯಿತು. ರಾಜ್‌ಕುಮಾರರು ಅದರ ನಾಯಕರು. ಕಂಪನಿ ನಾಟಕದಲ್ಲಿ ನಟನೇ ಹಾಡಬೇಕು. ರಸಿಕರು ‘ಒನ್ಸ್ ಮೋರ್’ ಎಂದರೆ ಮತ್ತೊಮ್ಮೆ ಹಾಡಬೇಕು. ಚಿತ್ರದಲ್ಲಿ ಆ ಕೊಡುಕೊಳ್ಳುವಿಕೆ ನಿಂತಿತು. ಕಣ್ಣಪ್ಪನ ಮುಖ ಒಬ್ಬರದು, ಕಂಠ ಮತ್ತೊಬ್ಬರದು. ಇದು ನಷ್ಟವೇ ಸರಿ. ಆದರೆ ಕಡೆಯ ಸಾಲಿನ ಬಡವನೂ ಆ ಭಕ್ತನ ಮುಖವನ್ನು ಹತ್ತಿರದಿಂದ ಕಂಡನು. ಹಾಡು ಭಕ್ತಿಯ ಕೆಲಸವನ್ನು ಬಿಡಲಿಲ್ಲವಾದುದರಿಂದ ಜನರು ಚಿತ್ರವನ್ನೂ ತಮ್ಮದೆಂದು ಸ್ವೀಕರಿಸಿದರು.

ನೆರೆಯ ಮರಾಠಿಯಿಂದ ಇನ್ನೊಂದು ನಿದರ್ಶನ. ಪುರುಷೋತ್ತಮ ದಾರ್ವ್ಹೇಕರರ ‘ಕಟ್ಯಾರ್ ಕಾಳಜಾತ್ ಘುಸಲಿ’ ನಾಟಕವು 1967ರಲ್ಲಿ ರಂಗಕ್ಕೆ ಬಂದಿತು. ಸಂಗೀತ ಜಿತೇಂದ್ರ ಅಭಿಷೇಕಿಯವರದು. ಖಾನ್‌ಸಾಹೇಬರ ಪಾತ್ರ ವಸಂತರಾವ್ ದೇಶಪಾಂಡೆಯವರದು. ಇದು ಎರಡು ಘರಾಣೆಗಳ ಪೈಪೋಟಿಯ ಕಥೆ. ಆಸ್ಥಾನ ಗಾಯಕನಿಗೆ ಸಿಗುವ ಕಠಾರಿಯಿಂದ ಒಂದು ಕೊಲೆ ನಡೆದರೂ ಅದಕ್ಕೆ ಕ್ಷಮೆಯುಂಟು. ಮತ್ಸರದ ಆ ಹಠವನ್ನು ಕೊನೆಗೆ ಕರಗಿಸುವುದು ಸಂಗೀತವೇ. ಇಲ್ಲಿ ಗಾಯನವನ್ನು ಮೊಟಕುಗೊಳಿಸಿದರೆ ಆ ಮನಃಪರಿವರ್ತನೆಯನ್ನು ನಂಬುವವರಾರು?

2015ರಲ್ಲಿ ಸುಬೋಧ್ ಭಾವೆಯವರು ಇದನ್ನು ಚಿತ್ರವಾಗಿಸಿದರು. ಅಭಿಷೇಕಿಯವರ ಹಾಡುಗಳನ್ನು ಉಳಿಸಿಕೊಂಡು, ಶಂಕರ್-ಎಹಸಾನ್-ಲಾಯ್ ಅವರ ಹೊಸ ಹಾಡುಗಳನ್ನೂ ಸೇರಿಸಿದರು. ಪಂಡಿತರ ಪಾತ್ರಕ್ಕೆ ಸ್ವತಃ ಗಾಯಕರಾದ ಶಂಕರ್ ಮಹಾದೇವನ್‌ರನ್ನೇ ಆರಿಸಿದರು. ಖಾನ್‌ಸಾಹೇಬರಾಗಿ ನಟಿಸಿದವರು ಸಚಿನ್ ಪಿಳಗಾಂವಕರ್. ಅವರಿಗೆ ಕಂಠವಿತ್ತವರು ವಸಂತರಾಯರ ಮೊಮ್ಮಗ ರಾಹುಲ್ ದೇಶಪಾಂಡೆ. ಸದಾಶಿವನ ಪಾತ್ರಕ್ಕಾಗಿ ಹಾಡಿದ ಮಹೇಶ್ ಕಾಳೆಯವರಿಗೆ ಆ ವರ್ಷದ ರಾಷ್ಟ್ರಪ್ರಶಸ್ತಿ ದೊರೆಯಿತು. ಕಥೆಯ ಜೋಡಣೆ ಬದಲಾಯಿತು; ಆದರೆ ಗೆಲ್ಲುವುದು ಗಾಯನವೇ ಎಂಬ ತಿರುಳು ಕೆಡಲಿಲ್ಲ. ಕಂಠದ ಪರಂಪರೆಯನ್ನು ಹುಡುಕಿ ತಂದ ಈ ಶ್ರದ್ಧೆ ಮೆಚ್ಚತಕ್ಕುದು.

ಕನ್ನಡದ ರಂಗಸಂಪತ್ತನ್ನು ತೆರೆಗೆ ತರುವವರನ್ನು ನಾವು ಕೇಳಬೇಕಾದುದು ಇಷ್ಟೇ: ಈ ಹಾಡನ್ನು ತೆಗೆದರೆ ಕಥೆ ಮುಂದೆ ಸಾಗುವುದೇ? ಸಾಗುವುದಾದರೆ ಅದನ್ನು ಬಿಡಲು ಅಡ್ಡಿಯಿಲ್ಲ. ಸಾಗದಿದ್ದರೆ ಅದಕ್ಕೆ ಬೇಕಾದಷ್ಟು ಹೊತ್ತನ್ನೂ, ತಕ್ಕ ಕಂಠವನ್ನೂ ಕೊಡಿರಿ.

ನಮ್ಮ ಹೊಣೆಯೂ ಒಂದಿದೆ. ಮೂಲವನ್ನು ಬಲ್ಲವರಿಲ್ಲದ ಕಡೆ ನಿಷ್ಠೆಯನ್ನು ಅಳೆಯುವವರಾರು? ಗಡಿಯಾಚೆಯ ಮನೆಗಳಲ್ಲಿ ಕನ್ನಡ ಉಳಿದುದು ಕಿವಿಯಿಂದ ಕಿವಿಗೆ ಸಾಗಿ. ಮಕ್ಕಳಿಗೆ ಚಿತ್ರವನ್ನು ತೋರಿಸೋಣ. ಆಮೇಲೆ ಆ ರಂಗಗೀತೆಯನ್ನು ನಮ್ಮ ಅಜ್ಜ ಅಜ್ಜಿಯರ ಬಾಯಿಂದ ಪೂರ್ತಿಯಾಗಿ ಕೇಳಿಸೋಣ. ಎರಡನ್ನೂ ಕೇಳಿದ ಮಗು ಮುಂದೆ ತಾನೇ ಒಳ್ಳೆಯ ಪರೀಕ್ಷಕನಾಗುವುದು.